ದುಶ್ಚಟವಿಲ್ಲದವರಿಗೂ ಕ್ಯಾನ್ಸರ್ ಏಕೆ ಬರುತ್ತದೆ?

ಬೀಡಿ, ಸಿಗರೇಟು ಮುಟ್ಟಿದವರಲ್ಲ, ಕುಡಿತವಿಲ್ಲ, ಮನೆಯ ಸಸ್ಯಾಹಾರ ಬಿಟ್ಟು ಬೇರೆ ತಿಂದವರಲ್ಲ. ಅಂಥವರಿಗೆ ಕ್ಯಾನ್ಸರ್ ಹೇಗೆ ಬಂತು? ರೋಗ ಪತ್ತೆಯಾದ ಅನೇಕ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಇದು. ಕ್ಯಾನ್ಸರ್ ತಪ್ಪು ಮಾಡಿದವರಿಗೆ ಬರುವ ರೋಗ ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆಯಿಂದಾಗಿ ರೋಗ ಬಂದವರು ನಾಚಿಕೆಯಿಂದ ಮುಚ್ಚಿಡುತ್ತಾರೆ. ಉಳಿದವರು ತಮಗೇನೂ ಆಗದೆಂದು ಬಾಯಿಯ ಹುಣ್ಣನ್ನೋ ಎದೆಯ ಗಂಟನ್ನೋ ತಿಂಗಳುಗಟ್ಟಲೆ ಯಾರಿಗೂ ತೋರಿಸುವುದಿಲ್ಲ.

ಕನ್ನಡದಲ್ಲಿ ಈ ರೋಗಕ್ಕೆ ಅರ್ಬುದ, ಏಡಿಗಂತಿ ಎಂಬ ಹೆಸರುಗಳಿವೆ. ಏಡಿಯ ಹೋಲಿಕೆ ಪ್ರಾಚೀನ ಗ್ರೀಕ್ ವೈದ್ಯರದು. ಆದರೆ ಇದು ಹೊರಗಿನಿಂದ ಬಂದು ಕಚ್ಚಿಕೊಳ್ಳುವ ಜೀವಿಯಲ್ಲ, ನಮ್ಮದೇ ಜೀವಕೋಶ. ಮನುಷ್ಯನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ. ಚರ್ಮ, ಬಾಯಿ, ಕರುಳಿನ ಒಳಪದರದಲ್ಲಿ ಹಳೆಯವು ಸತ್ತು ಹೊಸವು ಹುಟ್ಟುತ್ತಲೇ ಇರುತ್ತವೆ. ಒಂದು ಕೋಶ ಎರಡಾಗುವಾಗಲೆಲ್ಲ ಅದರೊಳಗಿನ ಡಿಎನ್‌ಎ, ಅಂದರೆ ಸುಮಾರು 600 ಕೋಟಿ ಅಕ್ಷರಗಳಷ್ಟು ದೊಡ್ಡ ಗ್ರಂಥ, ಪೂರ್ತಿಯಾಗಿ ನಕಲಾಗಬೇಕು.

ಮೂಡುಬಿದಿರೆಯ ತಾಳೆಗರಿ ಗ್ರಂಥಗಳನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಲಿಪಿಕಾರ ಎಷ್ಟೇ ಜಾಗರೂಕನಾದರೂ ಎಲ್ಲೋ ಒಂದಕ್ಷರ ತಪ್ಪುತ್ತದೆ. ಆ ಪ್ರತಿಯನ್ನು ನೋಡಿ ಬರೆದ ಪ್ರತಿಗಳಿಗೆಲ್ಲ ತಪ್ಪು ಹರಿದುಬರುತ್ತದೆ. ಜೀವಕೋಶದಲ್ಲಿ ತಿದ್ದುವ ವ್ಯವಸ್ಥೆಯೂ ಇದೆ, ಆದರೂ ಕೆಲವು ತಪ್ಪುಗಳು ಉಳಿಯುತ್ತವೆ. ಹೆಚ್ಚಿನವುಗಳಿಂದ ಏನೂ ಆಗುವುದಿಲ್ಲ. ಕೋಶ ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವ ಜೀನ್‌ಗಳಲ್ಲೇ ತಪ್ಪು ಬಿದ್ದರೆ ಮಾತ್ರ ಅಪಾಯ. ಅದೂ ಒಂದೇ ತಪ್ಪು ಸಾಲದು. ಒಂದೇ ಕೋಶದ ಸಂತತಿಯಲ್ಲಿ ಹಲವು ತಪ್ಪುಗಳು ವರ್ಷಗಳ ಕಾಲ ಕೂಡಿಬರಬೇಕು. ವಯಸ್ಸಾದಂತೆ ಕ್ಯಾನ್ಸರ್ ಹೆಚ್ಚುವುದು ಇದೇ ಕಾರಣಕ್ಕೆ. ಕೈಗೆ ಸಿಗುವ ಒಂದು ಸೆಂಟಿಮೀಟರ್ ಗಂಟಿನಲ್ಲಿ ಆಗಲೇ ಸುಮಾರು 100 ಕೋಟಿ ಕೋಶಗಳಿರಬಹುದು.

ಇಂಥ ತಪ್ಪುಗಳಲ್ಲಿ ಕೆಲವು ಬರೀ ಆಕಸ್ಮಿಕ. ಒಳ್ಳೆಯ ನಡತೆಯವರಿಗೂ ರೋಗ ಬರುವುದಕ್ಕೆ ಇದೊಂದು ದೊಡ್ಡ ಕಾರಣ. ತಂದೆ ತಾಯಿಯಿಂದ ಬಂದ ದೋಷದಿಂದ ಆಗುವ ಕ್ಯಾನ್ಸರ್ ಶೇ. 5ರಿಂದ 10ರಷ್ಟು ಮಾತ್ರ. ಸಸ್ಯಾಹಾರದಿಂದ, ಮುಖ್ಯವಾಗಿ ನಾರಿನಂಶವಿರುವ ಕಾಳು ತರಕಾರಿಗಳಿಂದ, ಕರುಳಿನ ಕ್ಯಾನ್ಸರಿನ ಅಪಾಯ ಸ್ವಲ್ಪ ತಗ್ಗುತ್ತದೆ. ಸ್ತನ, ರಕ್ತ ಅಥವಾ ಮೆದುಳಿನ ಕ್ಯಾನ್ಸರಿಗೆ ಅದು ರಕ್ಷಾಕವಚವಲ್ಲ.

ಚಟವೆಂದು ನಾವು ಲೆಕ್ಕಕ್ಕೇ ಇಡದ ಒಂದು ವಸ್ತುವೂ ಇದೆ: ಅಡಿಕೆ. ತಂಬಾಕು ಕೆಟ್ಟದ್ದೆಂದು ಎಲ್ಲರೂ ಒಪ್ಪುತ್ತಾರೆ, "ಬರೀ ಅಡಿಕೆಯಲ್ಲವೇ" ಎಂದು ಅದನ್ನು ಬಿಟ್ಟುಬಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಮಲೆನಾಡು, ಕರಾವಳಿಯಲ್ಲಿ ತೋಟವನ್ನೇ ನಂಬಿದ ಕುಟುಂಬಗಳಿಗೆ ಇದು ಹಿತವಾದ ಮಾತಲ್ಲ. ಮದುವೆ ಮನೆಯಲ್ಲಿ ಎಂದೋ ಒಮ್ಮೆ ಹಾಕಿಕೊಂಡ ತಾಂಬೂಲಕ್ಕೂ ದಿನವಿಡೀ ದವಡೆಯಲ್ಲಿ ಇಟ್ಟುಕೊಳ್ಳುವ ಅಡಿಕೆಗೂ ಬಹಳ ವ್ಯತ್ಯಾಸವಿದೆ, ನಿಜ. ದಿನವೂ ಅಗಿಯುವವರಲ್ಲಿ ಕೆನ್ನೆಯ ಒಳಪದರ ಬಿಳಿಚಿಕೊಂಡು ಗಡುಸಾಗುತ್ತದೆ, ಖಾರ ತಡೆಯುವುದಿಲ್ಲ, ಕ್ರಮೇಣ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ಹಾಕಲು ಆಗದಿದ್ದರೆ ದಂತವೈದ್ಯರ ಬಳಿ ಹೋಗಲು ಅಷ್ಟೇ ಸಾಕು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಕೊಂಡು ಬೆರೆಸಿಕೊಳ್ಳುವುದು ಮಾತ್ರ ನಿಂತಿಲ್ಲ.

ಕೆಲವು ಸೋಂಕುಗಳೂ ಕಾರಣವಾಗುತ್ತವೆ. ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ವೈರಸ್ ಕಾರಣವೆಂದು ತೋರಿಸಿದ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. 9ರಿಂದ 14 ವರ್ಷದೊಳಗೆ ಹೆಣ್ಣುಮಕ್ಕಳಿಗೆ ಹಾಕಿಸುವ ಲಸಿಕೆ ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಯಕೃತ್ತಿನ ಕ್ಯಾನ್ಸರಿಗೆ ದಾರಿಯಾಗುವ ಹೆಪಟೈಟಿಸ್ ಬಿ ಸೋಂಕಿಗೂ ಲಸಿಕೆ ಇದೆ. ಆದರೆ ಕ್ಯಾನ್ಸರ್ ರೋಗಿಯ ಜೊತೆ ಕೂತು ಉಂಡರೆ, ಮುಟ್ಟಿದರೆ ರೋಗ ಅಂಟುವುದಿಲ್ಲ. ಇಂದಿಗೂ ಕೆಲವು ಮನೆಗಳಲ್ಲಿ ರೋಗಿಗೆ ತಟ್ಟೆ ಲೋಟ ಬೇರೆ ಇಡುತ್ತಾರೆ. ಅದರಿಂದ ರೋಗಿಯ ಮನಸ್ಸು ನೋಯುವುದಷ್ಟೇ ಫಲ.

ನೋವಿಲ್ಲ ಎಂದು ಸುಮ್ಮನಿರುವುದು ಇನ್ನೊಂದು ಅಪಾಯ. ಆರಂಭದ ಗಂಟು ಬಹುತೇಕ ನೋಯುವುದಿಲ್ಲ. ಎರಡು ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಎದೆಯಲ್ಲಿ ಹೊಸ ಗಂಟು, ಮುಟ್ಟು ನಿಂತ ಮೇಲೆ ಮತ್ತೆ ಕಾಣುವ ರಕ್ತ, ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ ಇವುಗಳನ್ನು ವೈದ್ಯರಿಗೆ ತೋರಿಸಲೇಬೇಕು. ಇವೆಲ್ಲ ಕ್ಯಾನ್ಸರೇ ಆಗಿರಬೇಕೆಂದಿಲ್ಲ. ಎದೆಯ ಗಂಟುಗಳಲ್ಲಿ ಹೆಚ್ಚಿನವು ಅಲ್ಲ. ಖಚಿತವಾಗುವುದು ಚೂರು ಅಂಗಾಂಶ ತೆಗೆದು ನೋಡುವ ಬಯಾಪ್ಸಿಯಿಂದ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆ ಎಂಬ ಹೆದರಿಕೆಯಿಂದ ಅನೇಕರು ಇದಕ್ಕೆ ಒಪ್ಪದೆ ನಾಟಿ ಔಷಧಿಯಲ್ಲಿ ದಿನ ಕಳೆಯುತ್ತಾರೆ. ಸರಿಯಾಗಿ ಮಾಡಿದ ಬಯಾಪ್ಸಿಯಿಂದ ರೋಗ ಹರಡುವುದು ತೀರಾ ಅಪರೂಪ. ಪರೀಕ್ಷೆ ಮುಂದೂಡಿದ ತಿಂಗಳುಗಳಲ್ಲಿ ಅದು ತಾನಾಗಿಯೇ ಪಕ್ಕದ ಗ್ರಂಥಿಗಳಿಗೆ ಹರಡಬಹುದು.