ಅರವತ್ತೊಂದನೇ ತಿಂಗಳಿಗೊಂದು ಗಾಡಿ

ಹೊಸ ಗಾಡಿ ಮನೆಗೆ ಬಂದರೆ ನಮ್ಮ ಕಡೆ ಏನೇನು ಮಾಡುತ್ತಾರೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಕುಂಕುಮ, ಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು, ಬೀದಿಯವರಿಗೆಲ್ಲ ಸಿಹಿ. ಆಯುಧಪೂಜೆಯ ದಿನ ಮತ್ತೊಮ್ಮೆ ಚೆನ್ನಾಗಿ ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆಯುತ್ತಾರೆ. ಒಳ್ಳೆಯದೇ. ಆದರೆ ಮಲೆನಾಡಿನ ಮಳೆ ಹಬ್ಬ ನೋಡಿಕೊಂಡು ಬರುವುದಿಲ್ಲ. ವರ್ಷದ ಉಳಿದ ದಿನಗಳಲ್ಲಿ ಗಾಡಿಯನ್ನು ಹೇಗೆ ನೋಡಿಕೊಳ್ಳಬೇಕು, ಯಾಕೆ ನೋಡಿಕೊಳ್ಳಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ.

ನಾನು ಮೆಕ್ಯಾನಿಕ್ ಅಲ್ಲ. ಬಿಕಾಂ ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ಬರೆದು ನಿವೃತ್ತನಾದವನು. ಎಪ್ಪತ್ತು ದಾಟಿದೆ, ಶಿವಮೊಗ್ಗದಲ್ಲಿ ವಾಸ. ಗಾಡಿ ನನ್ನ ತಮ್ಮನ ಮಗನದು. ಅವನ ಮನೆ ಭದ್ರಾವತಿಯಲ್ಲಿ. ಮಾಡುತ್ತಿದ್ದ ಗುತ್ತಿಗೆ ಕೆಲಸ ನಿಂತುಹೋದ ಮೇಲೆ, ಕೈಯಲ್ಲಿದ್ದ ಅಷ್ಟಿಷ್ಟಕ್ಕೆ ಹೆಂಡತಿಯ ಬಳೆ ಮಾರಿದ ಹಣ ಸೇರಿಸಿ, ಉಳಿದದ್ದಕ್ಕೆ ಸಾಲ ಮಾಡಿ ಕಳೆದ ವರ್ಷ ಒಂದು ಪಿಕಪ್ ಕೊಂಡ. 60 ತಿಂಗಳ ಕಂತು. ಬೆಳಗಿನ ಜಾವ ಶಿವಮೊಗ್ಗದ ಎಪಿಎಂಸಿಯಿಂದ ತರಕಾರಿ, ಆಮೇಲೆ ಗೊಬ್ಬರವೋ ಸಿಮೆಂಟೋ ಜಲ್ಲಿಯೋ, ಸುಗ್ಗಿಯಲ್ಲಿ ಅಡಿಕೆ ಮೂಟೆ, ಹೀಗೆ ಸಿಕ್ಕ ಬಾಡಿಗೆ ಹೊಡೆಯುತ್ತಾನೆ. ಆ ಮನೆಯ ಅನ್ನ ಈಗ ಆ ನಾಲ್ಕು ಚಕ್ರದ ಮೇಲಿದೆ.

ಗಾಡಿ ಬಂದ ವಾರವೇ ಅವನು ನನ್ನಲ್ಲಿಗೆ ಬಂದ. "ದೊಡ್ಡಪ್ಪ, ಕಂತು ಕಟ್ಟಿ ಕೈಗೆಷ್ಟು ಉಳಿಯುತ್ತೆ, ಒಂಚೂರು ಲೆಕ್ಕ ಹಾಕಿ ಕೊಡಿ" ಎಂದ. ಡೀಸೆಲ್, ವಿಮೆ, ಟಯರು, ಸರ್ವಿಸ್ ಎಲ್ಲ ಬರೆದು ನೋಡಿದೆವು. ಮೊದಲ ಐದು ವರ್ಷ ಸಂಸಾರ ನಡೆಯುತ್ತದೆ, ಅಷ್ಟೇ. ನಿಜವಾದ ಉಳಿತಾಯ ಶುರುವಾಗುವುದು ಕಂತು ಮುಗಿದ ಮೇಲೆ. "ನೋಡಪ್ಪಾ, ನೀನು ಗಾಡಿ ಕೊಂಡಿರೋದು 61ನೇ ತಿಂಗಳಿಗೆ. ಅಲ್ಲೀತನಕ ಅದನ್ನ ಗಟ್ಟಿಮುಟ್ಟಾಗಿ ತಲುಪಿಸೋದೇ ನಿನ್ನ ಕೆಲಸ" ಎಂದೆ.

ಎರಡು ಬಗೆಯ ಸವಕಳಿ

ಲೆಕ್ಕದ ಪುಸ್ತಕದಲ್ಲಿ ಸವಕಳಿ ಎಂಬುದೊಂದಿದೆ. ಬಳಸಿದಂತೆ ವಸ್ತುವಿನ ಬೆಲೆ ಇಳಿಯುತ್ತದೆ, ಅದನ್ನು ವರ್ಷವರ್ಷ ಕಳೆಯಬೇಕು. ಆದಾಯ ತೆರಿಗೆಯ ಲೆಕ್ಕದಲ್ಲಿ ಬಾಡಿಗೆಗೆ ಓಡಿಸುವ ಸರಕು ಗಾಡಿಗೆ ವರ್ಷಕ್ಕೆ ಶೇ. 30 ಸವಕಳಿ. ಮೊದಲ ವರ್ಷ ಕೊಂಡ ಬೆಲೆಯಲ್ಲಿ ಶೇ. 30, ಮರುವರ್ಷ ಉಳಿದದ್ದರಲ್ಲಿ ಶೇ. 30. ಮಕ್ಕಳೇ, 10 ಲಕ್ಷ ರೂಪಾಯಿಯ ಗಾಡಿಗೆ ಐದು ವರ್ಷ ಹೀಗೆ ಕಳೆದು ನೋಡಿ. 1,68,070 ರೂಪಾಯಿ ಉಳಿಯಬೇಕು.

ಪುಸ್ತಕದಲ್ಲಿ ಈ ಲೆಕ್ಕ ಎಲ್ಲರಿಗೂ ಒಂದೇ. ಕಬ್ಬಿಣದಲ್ಲಿ ಹಾಗಲ್ಲ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಒಬ್ಬ ಟಿಂಕರಿಂಗ್ ಮೇಸ್ತ್ರಿ ನಮ್ಮಿಬ್ಬರಿಗೆ ಎರಡು ಗಾಡಿ ತೋರಿಸಿದರು. ಒಂದೇ ಕಂಪನಿಯವು, ಒಂದೇ ವರ್ಷದವು. ಒಂದರ ಹಿಂದಿನ ತಗಡಿಗೆ ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳದ ಹಾಗೆ ತೂತು ಬಿತ್ತು. ಇನ್ನೊಂದನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಎಂದಿತು. "ಹಳೇ ಗಾಡಿ ಕೊಳ್ಳೋರು ಮೇಲಿನ ಬಣ್ಣ ನೋಡಲ್ಲ ಸಾರ್, ಬಗ್ಗಿ ಕೆಳಗೆ ನೋಡ್ತಾರೆ" ಎಂದರು ಮೇಸ್ತ್ರಿ. ನನ್ನ ತಮ್ಮನ ಮಗ ಅಂದು ಮನೆಗೆ ಹೋಗುವವರೆಗೂ ಮಾತಾಡಲಿಲ್ಲ.

ಕಬ್ಬಿಣಕ್ಕೆ ತವರಿನ ಸೆಳೆತ

ತುಕ್ಕು ಯಾಕೆ ಹಿಡಿಯುತ್ತದೆ? ಭದ್ರಾವತಿಯ ಮಕ್ಕಳಿಗೆ ಇದನ್ನು ಹೇಳುವುದು ಸುಲಭ. ಮೈಸೂರು ಸಂಸ್ಥಾನ 1918ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆ ಆರಂಭಿಸಿತು, 1923ರಲ್ಲಿ ಕಬ್ಬಿಣ ತಯಾರಾಗತೊಡಗಿತು. ಅದರ ಹಿಂದಿದ್ದ ದೊಡ್ಡ ಶಕ್ತಿ ಸರ್ ಎಂ. ವಿಶ್ವೇಶ್ವರಯ್ಯನವರು. ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ. ಹೆಸರೇ ಹೇಳುವಂತೆ ಅಲ್ಲಿನ ಮಣ್ಣು ಕೆಂಪು. ಕಬ್ಬಿಣವು ಆಮ್ಲಜನಕದ ಜೊತೆ ಸೇರಿಕೊಂಡಾಗ ಬರುವ ಬಣ್ಣ ಅದು. ಮಲೆನಾಡಿನ ಮರದ ಇದ್ದಿಲು ಉರಿಸಿ, ಕುಲುಮೆಯಲ್ಲಿ ಆ ಆಮ್ಲಜನಕವನ್ನು ಬಿಡಿಸಿ, ಕಬ್ಬಿಣವನ್ನು ಹೊರತೆಗೆಯುತ್ತಿದ್ದರು.

ಅಷ್ಟು ಕಷ್ಟಪಟ್ಟು ಬೇರ್ಪಡಿಸಿದ ಕಬ್ಬಿಣ ಸುಮ್ಮನಿರುವುದಿಲ್ಲ. ನೀರು ಮತ್ತು ಗಾಳಿ ಸಿಕ್ಕರೆ ಮತ್ತೆ ಆಮ್ಲಜನಕದ ಜೊತೆ ಸೇರಿ ಕೆಂಪು ಪುಡಿಯಾಗುತ್ತದೆ. ತುಕ್ಕು ಎಂದರೆ ಕಬ್ಬಿಣ ತವರಿಗೆ ಹೊರಟಂತೆ! ಆ ಪುಡಿ ಬಿಗಿಯಾಗಿ ಕೂರುವುದಿಲ್ಲ, ಉದುರುತ್ತದೆ. ಒಳಗಿನ ಹೊಸ ಕಬ್ಬಿಣ ಮತ್ತೆ ನೀರಿಗೆ ಸಿಗುತ್ತದೆ.

ಅಜ್ಜ ಮೊಮ್ಮಕ್ಕಳು ಕೂತು ಒಂದು ಪ್ರಯೋಗ ಮಾಡಬಹುದು. ನಾಲ್ಕು ಗಾಜಿನ ಶೀಶೆ, ನಾಲ್ಕು ಹೊಸ ಮೊಳೆ. ಮೊದಲನೆಯದರಲ್ಲಿ ಮೊಳೆ ಮಾತ್ರ, ಒಣಗಿದ ಶೀಶೆಗೆ ಬಿಗಿ ಮುಚ್ಚಳ. ಎರಡನೆಯದರಲ್ಲಿ ಕುದಿಸಿ ಆರಿಸಿದ ನೀರು, ಮೇಲೆ ಒಂದು ಪದರ ಎಣ್ಣೆ. ಮೂರನೆಯದರಲ್ಲಿ ಅರ್ಧ ಮೊಳೆ ಮುಳುಗುವಷ್ಟು ನಲ್ಲಿ ನೀರು. ನಾಲ್ಕನೆಯದರಲ್ಲಿ ಅಷ್ಟೇ ಉಪ್ಪು ನೀರು. ವಾರ ಬಿಟ್ಟು ನೋಡಿದರೆ ಮೊದಲಿನ ಎರಡು ಮೊಳೆ ಹೆಚ್ಚುಕಡಿಮೆ ಹಾಗೇ ಇರುತ್ತವೆ, ಕೊನೆಯ ಎರಡು ಕೆಂಪಾಗಿರುತ್ತವೆ. ಗಾಡಿ ಕಾಯುವ ಗುಟ್ಟೆಲ್ಲ ಇಷ್ಟರಲ್ಲೇ ಇದೆ: ನೀರು ನಿಲ್ಲಬಾರದು, ಗಾಳಿ ತಾಗದಂತೆ ಒಂದು ಪದರ ಇರಬೇಕು, ಉಪ್ಪು ಉಳಿಯಬಾರದು.

ಕೊಡಚಾದ್ರಿಯ ಮೂಲ ಮೂಕಾಂಬಿಕೆಯ ಸನ್ನಿಧಿಯಲ್ಲಿ ಹಳೆಯ ಕಾಲದ ಒಂದು ಕಬ್ಬಿಣದ ಕಂಬವಿದೆ. ಅಂಥ ಮಳೆಯಲ್ಲೂ ನಿಂತಿದೆ. ಆದರೆ ಅದು ಕುಲುಮೆಯಲ್ಲಿ ಕಾಯಿಸಿ ಬಡಿದು ಮಾಡಿದ ದಪ್ಪ ಕಬ್ಬಿಣ. ನಮ್ಮ ಗಾಡಿಯದು ತೆಳು ತಗಡು. ಅದನ್ನು ನಾವೇ ಕಾಯಬೇಕು.

ವಾರಕ್ಕೊಂದು ಸಣ್ಣ ಪೂಜೆ

ಅವರ ಮನೆಯಲ್ಲಿ ಈಗ ಭಾನುವಾರ ಬೆಳಿಗ್ಗೆ ಒಂದು ಗಂಟೆ ಗಾಡಿಗೆ ಮೀಸಲು. ಮೇಲಿನ ಹೊಳಪಿಗಿಂತ ಕೆಳಭಾಗಕ್ಕೇ ಹೆಚ್ಚು ನೀರು. ಮಡ್‌ಗಾರ್ಡಿನ ಒಳಗೆ, ಚಾಸಿಯ ಸಂದಿಯಲ್ಲಿ ಮೆತ್ತಿಕೊಂಡ ಕೆಸರು ಒದ್ದೆ ಬಟ್ಟೆಯಂತೆ ದಿನಗಟ್ಟಲೆ ನೀರು ಹಿಡಿದಿಡುತ್ತದೆ. ಅದನ್ನು ಪೈಪ್ ಹಿಡಿದು ಬಿಡಿಸಬೇಕು. ನೀರು ಇಳಿದುಹೋಗಲೆಂದು ಬಾಗಿಲಿನ ಕೆಳಗೆ ಸಣ್ಣ ತೂತುಗಳಿರುತ್ತವೆ. ಕಸ ಕೂತಿದ್ದರೆ ಕಡ್ಡಿಯಿಂದ ಬಿಡಿಸಬೇಕು.

ಕೆಲವು ಹೊರೆಗಳಿಗೆ ಭಾನುವಾರ ಕಾಯುವಂತಿಲ್ಲ. ಗೊಬ್ಬರ, ಉಪ್ಪು, ಕರಾವಳಿಯ ಮೀನು ಇಳಿಸಿದ ದಿನವೇ ತೊಳೆಯಬೇಕು. ಪೊಟ್ಯಾಷ್ ಗೊಬ್ಬರ ಎಂದರೆ ಪೊಟ್ಯಾಷಿಯಂ ಕ್ಲೋರೈಡ್, ನಮ್ಮ ಅಡುಗೆ ಉಪ್ಪಿನ ಹತ್ತಿರದ ನೆಂಟ. ನಾಲ್ಕನೇ ಶೀಶೆಯ ಮೊಳೆ ನೆನಪಿರಲಿ.

ಹಿಂದಿನ ತಗಡಿಗೆ ಗೀರು ಬೀಳದಿರಲೆಂದು ರಬ್ಬರ್ ಮ್ಯಾಟ್ ಹಾಸುತ್ತಾರೆ. ಒಳ್ಳೆಯದು, ಆದರೆ ಅದರಡಿ ನೀರು ಕೂರುತ್ತದೆ. ತಿಂಗಳಿಗೊಮ್ಮೆ ಎತ್ತಿ ಒಣಗಿಸಬೇಕು. ಗೀರು ಬಿದ್ದರೆ ಉಪ್ಪುಕಾಗದದಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಹಚ್ಚಬೇಕು. ತಮಾಷೆ ನೋಡಿ, ರೆಡ್ ಆಕ್ಸೈಡಿನ ಕೆಂಪು ಬಣ್ಣವೂ ಕಬ್ಬಿಣದ ಆಕ್ಸೈಡೇ. ಆಗಲೇ ಆಮ್ಲಜನಕದ ಜೊತೆ ಸೇರಿದ್ದು ಮತ್ತೆ ತುಕ್ಕು ಹಿಡಿಯಲಾರದು!

ಬ್ಯಾಟರಿಯ ತುದಿಗಳಿಗೆ ಪೆಟ್ರೋಲಿಯಂ ಜೆಲ್ಲಿ, ಕಂಪನಿ ಹೇಳಿದ ಕಡೆ ಗ್ರೀಸ್. ಟಯರಿನ ಗಾಳಿಯನ್ನು ಗಾಡಿ ಓಡುವ ಮುಂಚೆ, ತಣ್ಣಗಿದ್ದಾಗಲೇ ನೋಡಬೇಕು. ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನಲ್ಲಿ ಕೂತ ನೀರು ಇಳಿಸಬೇಕು. ಹಳ್ಳ ರಸ್ತೆಯ ಮೇಲೆ ಹರಿಯುತ್ತಿದ್ದರೆ ಆಚೆ ಎಷ್ಟೇ ಬಾಡಿಗೆ ಕಾದಿದ್ದರೂ ಗಾಡಿ ಇಳಿಸಬಾರದು. ಇಂಜಿನ್ನಿಗೆ ನೀರು ಹೊಕ್ಕು ಗಾಡಿ ನಿಂತರೆ ಮತ್ತೆ ಸ್ಟಾರ್ಟ್ ಮಾಡಲು ಹೋಗದೆ ಎಳೆಸಿಕೊಂಡು ಬರಬೇಕು.

ಬೇಡ ಎನ್ನುವುದೂ ರಕ್ಷಣೆಯೇ

ಮಳೆಯಷ್ಟೇ ಕೆಟ್ಟದ್ದು ಅತಿಭಾರ. ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತದೆ. ಹೊರೆ ಸಮೇತ ಒಟ್ಟು ತೂಕ 3,000 ಕಿಲೋ, ಖಾಲಿ ಗಾಡಿ 1,700 ಕಿಲೋ ಎಂದುಕೊಳ್ಳಿ. ಉಳಿದದ್ದು 1,300. ಗಾಡಿಯಲ್ಲಿ ಕೂತ ಇಬ್ಬರಿಗೆ 150 ಕಿಲೋ ಕಳೆದರೆ 1,150. ಹಾಗಾದರೆ 50 ಕಿಲೋದ ಸಿಮೆಂಟ್ ಚೀಲ ಎಷ್ಟು ಹೇರಬಹುದು? 23. ಇಪ್ಪತ್ತನಾಲ್ಕನೆಯದು ಸ್ಪ್ರಿಂಗ್ ಪ್ಲೇಟು, ಟಯರು, ಬ್ರೇಕು ಮೂರರ ಆಯುಸ್ಸನ್ನೂ ತಿನ್ನುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅತಿಭಾರಕ್ಕೆ ದಂಡ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000.

ಇನ್ನೊಂದು ಮಾತು ಹಿರಿಯರಿಗೆ. ಜಾತ್ರೆಗೆ, ಮದುವೆ ದಿಬ್ಬಣಕ್ಕೆ ಸರಕು ಗಾಡಿಯ ಹಿಂದೆ ಜನರನ್ನು ನಿಲ್ಲಿಸಿಕೊಂಡು ಹೋಗುವುದು ನಮ್ಮ ಕಡೆ ಇನ್ನೂ ಇದೆ. ಮಕ್ಕಳು ಹಿಂದಿನ ಕಂಬಿ ಹಿಡಿದು ನಿಂತಿರುತ್ತಾರೆ. ಒಂದು ಬ್ರೇಕಿಗೆ ಎಲ್ಲ ಮುಗಿಯಬಹುದು. ಸರಕಿನ ಗಾಡಿಯ ವಿಮೆ ಹಿಂದೆ ನಿಂತ ಪ್ರಯಾಣಿಕರಿಗಲ್ಲ. ಹೋದ ಸಲ ನಮ್ಮ ನೆಂಟರೇ ಜಾತ್ರೆಗೆ ಗಾಡಿ ಕೇಳಿದಾಗ ಇವನು, "ಅಕ್ಕಿ, ಪಾತ್ರೆ, ಸೌದೆ ಎಲ್ಲ ಬಾಡಿಗೆ ಇಲ್ಲದೆ ತರ್ತೀನಿ ಮಾವ, ಜನರನ್ನು ಮಾತ್ರ ಬಸ್ಸಿನಲ್ಲಿ ಕಳಿಸಿ" ಎಂದ. ಅವರು ಎರಡು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ಕೊಡದಿದ್ದರೆ ಬೇಡ, ಜನ ಉಳಿಯಲಿ.

ಆರನೇ ಕ್ಲಾಸಿನ ಗುಮಾಸ್ತೆ

ಈ ಗಾಡಿಯ ಲೆಕ್ಕ ಬರೆಯುವವಳು ಅವನ ಮಗಳು, ಆರನೇ ತರಗತಿ. ನಾನು ಹಾಕಿಕೊಟ್ಟ ಕಾಲಂ ಐದೇ: ದಿನಾಂಕ, ಕಿಲೋಮೀಟರ್, ಡೀಸೆಲ್ ಲೀಟರ್, ಏನು ಹೇರಿದ್ದು, ತೊಳೆದದ್ದು ಯಾವಾಗ. ಒಂದು ಸಲ ಅವಳೇ ಫೋನ್ ಮಾಡಿ, "ಅಜ್ಜ, ಲೀಟರಿಗೆ 13 ಬರ್ತಿತ್ತು, ಈ ವಾರ 11 ಬಂದಿದೆ" ಎಂದಳು. ಆ ವಾರವೆಲ್ಲ ಜಲ್ಲಿ ಕ್ರಷರ್ ಬಾಡಿಗೆ. ಏರ್ ಫಿಲ್ಟರ್ ಬಿಚ್ಚಿದರೆ ಹಿಟ್ಟಿನ ಜರಡಿಯ ಹಾಗೆ ಧೂಳು ಕೂತಿತ್ತು. ಹೊಸದು ಹಾಕಿದ ಮೇಲೆ ಮೊದಲಿನಷ್ಟೇ ಬಂತು. ಗಾಡಿ ಬಾಯಿಬಿಟ್ಟು ಹೇಳದಿದ್ದರೂ ಲೆಕ್ಕದಲ್ಲಿ ಹೇಳುತ್ತದೆ.

ಪುಸ್ತಕದ ಕೊನೆಯ ಪುಟಗಳಲ್ಲಿ ಮರೆಯಬಾರದ ತಾರೀಕುಗಳಿವೆ. ವಿಮೆ ಮುಗಿಯುವ ದಿನ. ಹೊಗೆ ತಪಾಸಣೆ. ಎಫ್‌ಸಿ, ಅದು ಹೊಸ ಸರಕು ಗಾಡಿಗೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಸಾಲ ತೀರಿದ ಮೇಲಿನ ಕೆಲಸವನ್ನೂ ಬರೆಸಿದ್ದೇನೆ, ಎಷ್ಟೋ ಜನ ಅದನ್ನು ಮರೆಯುತ್ತಾರೆ: ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35 ಪಡೆದು, ಆರ್‌ಟಿಓದಲ್ಲಿ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ಅಲ್ಲಿಗೆ ಗಾಡಿ ಪೂರ್ತಿ ಅವರದು.

ಮೊನ್ನೆ ಪುಸ್ತಕ ತಿದ್ದಲು ತಂದಿದ್ದಳು. ಹದಿನಾಲ್ಕನೇ ಕಂತು ಕಟ್ಟಿಯಾಗಿತ್ತು. ನಾನು ಬರೆಸಿದ ಸಾಲುಗಳ ಕೆಳಗೆ ಅವಳೇ ಒಂದು ಸಾಲು ಸೇರಿಸಿದ್ದಳು: "61ನೇ ತಿಂಗಳು: ಅಮ್ಮನಿಗೆ ಬಳೆ." ಲೆಕ್ಕ ಸರಿಯಿತ್ತು. ಟಿಕ್ ಹಾಕಿ ವಾಪಸ್ ಕೊಟ್ಟೆ.