ಪುರುಷವಂಧ್ಯತ್ವ ಮತ್ತು ವೃಷಣಸಿರೆಗಳ ದೋಷ

ಅಥಣಿ ಸೀಮೆಯ ಕೊಕಟನೂರಿನ ಯಲ್ಲಮ್ಮನ ಜಾತ್ರೆಯು ಪ್ರಸಿದ್ಧವಾದುದು. ಸಂತಾನಾರ್ಥವಾಗಿ ಯಲ್ಲಮ್ಮನಿಗೆ ಹರಕೆ ಹೊರುವುದು ಉತ್ತರ ಕರ್ನಾಟಕದ ಹಳೆಯ ವಾಡಿಕೆ. ಹೊರುವವಳು ಬಹುಮಟ್ಟಿಗೆ ಹೆಂಡತಿಯೇ. ‘ಬಂಜೆ’ಯೆಂಬ ಮಾತೂ ಹೆಣ್ಣಿಗೇ ಅಂಟಿಕೊಂಡಿದೆ. ಎರಡನೆಯವಳನ್ನು ತಂದರೂ ತೊಟ್ಟಿಲು ತೂಗದಿದ್ದಾಗಲೂ ಗಂಡನ ಮೇಲೆ ಸಂಶಯ ಹುಟ್ಟುವುದು ಅಪೂರ್ವ. ಶಾಸ್ತ್ರವಾದರೋ ಇಂತಹ ಪಕ್ಷಪಾತವನ್ನು ಮಾಡಿಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನವು ಶುಕ್ರದೋಷಗಳನ್ನು ಎಂಟು ಬಗೆಯಾಗಿ ಎಣಿಸಿದ ಬಳಿಕವೇ ಆರ್ತವದೋಷಕ್ಕೆ ಬರುತ್ತದೆ.

ಇಂದಿನ ವೈದ್ಯರು ಅರಿತ ಕಾರಣಗಳಲ್ಲಿ ಚಿಕಿತ್ಸೆಗೆ ಒಗ್ಗುವಂಥದೊಂದು ವೇರಿಕೋಸೀಲ್, ಎಂದರೆ ವೃಷಣದ ಸಿರೆಗಳು ಉಬ್ಬಿ ಸುರುಳಿಗೊಳ್ಳುವುದು. ಬಲವೃಷಣದ ಸಿರೆಯು ಮಹಾಸಿರೆಯನ್ನು ಓರೆಯಾಗಿ ಸೇರುತ್ತದೆ; ಎಡಗಡೆಯದು ಮೂತ್ರಪಿಂಡದ ಸಿರೆಯನ್ನು ಲಂಬವಾಗಿ ಕೂಡುತ್ತದೆ. ಆದಕಾರಣ ರಕ್ತವು ಹಿಮ್ಮರಳಿ ನಿಲ್ಲುವುದು ಎಡಗಡೆಯಲ್ಲಿಯೇ ಹೆಚ್ಚು. ನಿಂತ ರಕ್ತದಿಂದ ವೃಷಣಕ್ಕೆ ಕಾವೇರುವುದು. ವೀರ್ಯಾಣುಗಳಾದರೋ ದೇಹಕ್ಕಿಂತ 2ರಿಂದ 4 ಡಿಗ್ರಿ ತಣ್ಣಗಿರುವಲ್ಲಿಯೇ ಚೆನ್ನಾಗಿ ಬೆಳೆಯತಕ್ಕವು. ನೂರು ಗಂಡಸರಲ್ಲಿ ಸುಮಾರು 15 ಮಂದಿಗೆ ಈ ದೋಷವುಂಟು. ಅವರಲ್ಲಿ ಅನೇಕರು ಮಕ್ಕಳೊಂದಿಗರೇ.

ಆದುದರಿಂದ ವೀರ್ಯಪರೀಕ್ಷೆಯಲ್ಲಿ ಕೊರತೆ ಕಂಡು, ಉಬ್ಬು ಕೈಗೆ ತಿಳಿಯುವಂತಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ ಯುಕ್ತ. ಕೆಟ್ಟ ಸಿರೆಗಳನ್ನು ಕಟ್ಟಿ, ಧಮನಿಯನ್ನು ಉಳಿಸುವುದೇ ಅದರ ಕ್ರಮ. ಎಲ್ಲರಿಗೂ ಫಲವಾಗುವುದೆಂದು ಹೇಳಲಾಗದು. ವೀರ್ಯಾಣುವೊಂದು ರೂಪುಗೊಳ್ಳಲು ಸುಮಾರು 74 ದಿನಗಳು ಹಿಡಿಯುವುದರಿಂದ, ಮೂರು ತಿಂಗಳು ಕಳೆಯುವುದಕ್ಕೆ ಮುನ್ನ ಮರುಪರೀಕ್ಷೆ ಮಾಡಿಸಿ ನಿರಾಶರಾಗುವುದು ವ್ಯರ್ಥ.