ಚಳಿಜ್ವರವೂ ಸೊಪ್ಪಿನ ಕಷಾಯವೂ

ಕಹಿಸೊಪ್ಪಿನ ಕಷಾಯದಿಂದ ಚಳಿಜ್ವರವು ಬಿಡುವುದೆಂಬ ನಂಬಿಕೆ ಅನೇಕ ದೇಶಗಳಲ್ಲಿ ಹಿಂದಿನಿಂದಲೂ ಉಂಟು. ಇದನ್ನು ಬರಿಯ ಮೂಢನಂಬಿಕೆಯೆಂದು ನಾವು ತಳ್ಳಿಹಾಕಲಾಗದು. ಇಂದು ಮಲೇರಿಯಾಕ್ಕೆ ಕೊಡುವ ಮುಖ್ಯವಾದ ಔಷಧವೊಂದು ದೊರೆತದ್ದೇ ಅಂಥ ಸೊಪ್ಪಿನಿಂದ. ಆದರೆ ಸೊಪ್ಪಿನಲ್ಲಿ ಮದ್ದಿದೆ ಎಂಬುದು ಒಂದು ಮಾತು. ಸೊಪ್ಪೇ ಮದ್ದು ಎಂಬುದು ಬೇರೊಂದು ಮಾತು.

ಆ ಗಿಡವು ಚೀನ ದೇಶದ ಚಿಂಗ್‌ಹಾವ್. ನಾವು ಮುಡಿಯುವ ದವನವೂ ಇದೇ ಕುಲದ್ದು. ನಾಲ್ಕನೆಯ ಶತಮಾನದ ವೈದ್ಯ ಗೆ ಹುಂಗ್, ಹಿಡಿ ಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಆ ರಸವನ್ನು ಕುಡಿಯಬೇಕೆಂದು ಬರೆದನು. ಕುದಿಸಬೇಕೆಂದು ಹೇಳಲಿಲ್ಲ! ತು ಯೂಯೂ ಎಂಬ ವಿಜ್ಞಾನಿ ಇದನ್ನು ಗಮನಿಸಿದರು. ಹೆಚ್ಚಿನ ಶಾಖದಿಂದ ಗುಣವು ಕೆಡುವುದೆಂದು ಶಂಕಿಸಿ, ಸುಮಾರು 35 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುವ ಈಥರಿನಿಂದ 1971ರಲ್ಲಿ ಸಾರವನ್ನು ತೆಗೆದರು. ಅದು ಇಲಿಗಳ ಮಲೇರಿಯಾವನ್ನು ಪೂರ್ಣವಾಗಿ ಅಡಗಿಸಿತು. ಮರುವರ್ಷ ಅದರಿಂದ ಆರ್ಟೆಮಿಸಿನಿನ್ ಎಂಬ ಶುದ್ಧ ವಸ್ತು ದೊರೆಯಿತು. 2015ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು.

ಹಾಗಾದರೆ ಕಷಾಯವನ್ನೇ ಏಕೆ ಕುಡಿಯಬಾರದು? ಈ ವಸ್ತು ನೀರಿನಲ್ಲಿ ಕರಗುವುದು ಅತ್ಯಲ್ಪ. ಸೊಪ್ಪಿನಲ್ಲಿ ಅದರ ಪ್ರಮಾಣವೂ ತಳಿ, ಕೊಯ್ಲಿನ ಕಾಲಗಳಿಗೆ ತಕ್ಕಂತೆ ಬದಲಾಗುವುದು. ಮೇಲಾಗಿ ಅದು ರಕ್ತದಲ್ಲಿ ಬಹುಕಾಲ ನಿಲ್ಲದು. 3 ಗಂಟೆಗೊಮ್ಮೆ ಅರ್ಧವಾಗುವುದೆಂದು ಎಣಿಸಿದರೆ, 24 ಗಂಟೆಗಳಲ್ಲಿ ಎಂಟು ಸಲ ಅರ್ಧವಾಗಿ, 256ರಲ್ಲಿ ಒಂದು ಪಾಲು ಮಾತ್ರ ಉಳಿಯುವುದು. ಅಳತೆಯಿಲ್ಲದ ಬಟ್ಟಲು ಕಷಾಯದಿಂದ ಕೆಲವು ರೋಗಾಣುಗಳು ಸತ್ತು ಜ್ವರವು ಇಳಿಯಬಹುದು. ರೋಗಿಯು ಗುಣವಾಯಿತೆಂದು ಸಮಾಧಾನಗೊಳ್ಳುವನು. ಅಷ್ಟರಲ್ಲಿ ಉಳಿದ ರೋಗಾಣುಗಳು ಮತ್ತೆ ವೃದ್ಧಿಯಾಗುವುವು. ಫಾಲ್ಸಿಪಾರಮ್ ಜಾತಿಯ ಮಲೇರಿಯಾವಾದರೆ ಅದು ಮೆದುಳಿಗೂ ತಟ್ಟಿ ಪ್ರಾಣವನ್ನೇ ತೆಗೆಯಬಲ್ಲದು.

ಅಪಾಯವು ರೋಗಿಯೊಬ್ಬನಿಗೇ ಸೀಮಿತವಲ್ಲ. ಅರೆಪ್ರಮಾಣದ ಮದ್ದನ್ನು ತಾಳಿಕೊಂಡು ಬದುಕುವ ರೋಗಾಣುಗಳ ಸಂತತಿಯೇ ಮುಂದೆ ಹಬ್ಬುವ ಭಯವುಂಟು. ಈ ಔಷಧಕ್ಕೆ ಸುಲಭವಾಗಿ ಜಗ್ಗದ ರೋಗಾಣುಗಳು ಕಾಂಬೋಡಿಯದ ಪಶ್ಚಿಮಭಾಗದಲ್ಲಿ ಕಂಡುಬಂದುದು 2008ರಲ್ಲಿಯೇ ವರದಿಯಾಯಿತು. ಆದುದರಿಂದ ಇದರ ಜೊತೆಗೆ, ರಕ್ತದಲ್ಲಿ ಹೆಚ್ಚು ಕಾಲ ನಿಲ್ಲುವ ಮತ್ತೊಂದು ಔಷಧವನ್ನೂ ಸೇರಿಸಿ ಕೊಡುವರು. ಈ ಗಿಡದ ಕಷಾಯವನ್ನು ಮಲೇರಿಯಾಕ್ಕೆ ಬಳಸುವುದನ್ನು ತಾನು ಬೆಂಬಲಿಸುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸಾರಿತು.

ಹಳೆಯ ಗ್ರಂಥವು ದಾರಿಯನ್ನು ತೋರಿತು. ಅಳತೆಯು ಆ ದಾರಿಯನ್ನು ಭದ್ರಪಡಿಸಿತು. ಚಳಿ ನಡುಕದೊಡನೆ ಜ್ವರ ಬಂದಾಗ ಮನೆಯಲ್ಲಿ ಕಷಾಯ ಕಾಸುತ್ತ ಕುಳಿತಿರದೆ, ತಡಮಾಡದೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದೇ ವಿವೇಕ.